ಕಾಕಾರ ತ್ರೀ ಫೇಸ್

ಕಾಕಾ ಹೋದ ಸುದ್ದಿ ಬಂದಾಗ ನಾ ಕಿತ್ತೂರಾಗ ಒಂದು ಕಲ್ಯಾಣ ಮಂಟಪದ ಕಟ್ಟಿ ಮ್ಯಾಲೆ ನಿಂತು ವೈರ್ ಸುತ್ತಾಕತ್ತಿದ್ದೆ. ಫೋನ್ ಮಾಡಿದಂವ ನಮ್ಮ ಆರ್ಕೆಸ್ಟ್ರಾದ ಸವದತ್ತಿ ಡ್ರಮ್ಮರ್.

"ಕಾಕಾ ಹ್ವಾದ್ರೋ," ಅಂದ.

"ಎಲ್ಲಿಗಿ?" ಅಂದೆ ನಾ.

ಅಂವ ಅಳಾಕ ಹತ್ತಿದ. ಆವಾಗ ತಿಳೀತು. ಆದ್ರೂ ಕೈಯಾಗಿನ ವೈರ್ ಕೆಳಗ ಇಡಲಿಲ್ಲ. ಉದ್ದನ್ನ ವೈರ್ ಅರ್ಧಕ್ಕ ಬಿಟ್ರ ಗಂಟ ಬೀಳತಾವ. ಪೂರಾ ಸುತ್ತಿ, ಕಟ್ಟಿ, ಚೀಲದಾಗ ಹಾಕಿ ಆಮ್ಯಾಲೆ ಕುಂತೆ. ಕುಂತಮ್ಯಾಲೆ ಏಳಾಕ ಆಗಲಿಲ್ಲ. ಸೊಂಟದ ಬ್ಯಾನಿ ಅಂತ ಮಂದಿಗೆ ಹೇಳಿದೆ.

ಇದು ಆಗಿ ನಾಕ್ ತಿಂಗಳಾತು. ಕಾಕಾರ ಬಗ್ಗೆ ಬರೀಬೇಕು ಅಂತ ದಿನಾ ಅನ್ಕೋತೇನಿ, ದಿನಾ ಬಿಡತೇನಿ. ನಾ ಬರೆಯೋ ಮನಷ್ಯಾ ಅಲ್ಲ. ಮೈಕ್ ಸೆಟ್ಟಿನಂವ. ಹತ್ತನೇತ್ತಿ ಪಾಸಾಗಿದ್ದು ಮೂವತ್ತನಾಕನೇ ವರ್ಷಕ್ಕ, ಅದೂ ಮನ್ಯಾಗ ಕುಂತ ಓದಿ. ಒಂದ ಬಟ್ಟಿಲೆ ಅಕ್ಷರ ಹುಡಕಿ ಹುಡಕಿ ಒತ್ತತೇನಿ. ಮಾತಾಡಿದಂಗ ಬರದೇನಿ, ತಪ್ಪಿದ್ರ ನೀವು ತಿದ್ದಿಕೊಂಡು ಓದ್ರಿ. ಕಾಕಾರ ಹೆಸರ ಬರಿಯೂದಿಲ್ಲ. ಕಾಕು, ಅಂದ್ರ ಅವರ ಮನಿಯವರು, "ಎಲ್ಲಾ ಬರಿಯೋ, ಹೆಸರೊಂದ ಬ್ಯಾಡ" ಅಂದಾರ.

ಬೈಲಹೊಂಗಲದಾಗ ಕಾಕಾರದು ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಹೊಲದ ಮೋಟರ್ ಸುಟ್ರ ಸುತ್ತಲಿನ ಹಳ್ಳಿ ಮಂದಿ ಅಲ್ಲೇ ತರತಿದ್ರು. ಸುಟ್ಟ ತಾಂಬ್ರದ ತಂತಿ ಬಿಚ್ಚಿ, ಹೊಸಾದ ಸುತ್ತಿ, ವಾರ್ನಿಶ್ ಹಾಕಿ ಬಿಸಲಿಗೆ ಇಡತಿದ್ರು. ಅವರ ಅಂಗಿ ಯಾವಾಗ ನೋಡಿದ್ರೂ ವಾರ್ನಿಶ್ ನಾರತಿತ್ತು, ಕಿಸೇದಾಗ ಟೆಸ್ಟರ್ ಇರತಿತ್ತು. ಸಣ್ಣ ಆಳು, ಮೀಸಿ ಬೆಳ್ಳಗ. ಬಲಗೈ ಹೆಬ್ಬಟ್ಟು ಮಾತ್ರ ಬ್ಯಾರೆಯವರದು ತಂದು ಹಚ್ಚಿದಂಗ, ದಪ್ಪ, ಕಲ್ಲ ಆಗಿತ್ತು. ಅದು ಮೋಟರಿಂದ ಆಗಿದ್ದಲ್ಲ. ಬೇಸ್ ಗಿಟಾರಿಂದ ಆಗಿದ್ದು.

ಬೇಸ್ ಗಿಟಾರ್ ಅಂದ್ರ ನಾಕ್ ದಪ್ಪ ತಂತಿದು. ಹಾಡಿನ ತಳದಾಗ ಗುಂ ಗುಂ ಅಂತಿರತೈತಿ. ನಮ್ಮ ಆರ್ಕೆಸ್ಟ್ರಾದಾಗ ಹಾಡೋರನ್ನ ಮಂದಿ ನೋಡತಿದ್ರು, ಡ್ರಮ್ಮರ್ನ ನೋಡತಿದ್ರು, ಕಾಕಾರನ್ನ ಯಾರೂ ನೋಡತಿರಲಿಲ್ಲ. ಒಂದು ಮದುವ್ಯಾಗ ಮುಂದ ಕುಂತ ಹೆಣಮಗಳು ಎದ್ದು ಬಂದು, "ನಿಮ್ದೊಂದ ಸೌಂಡ್ ಬರವಲ್ತ ನೋಡ್ರಿ, ಬ್ಯಾಟ್ರಿ ಹೋಗೇತೇನ?" ಅಂತ ಕೇಳಿದ್ಳು.

ಕಾಕಾ ನಗಲಿಲ್ಲ. "ಬರಾಕತ್ತೇತ್ರಿ ಅಕ್ಕಾರ. ನೀವು ಕುಂತ ಖುರ್ಚಿ ಮ್ಯಾಲೆ ಕೈ ಇಟ್ಟ ನೋಡ್ರಿ," ಅಂದ್ರು.

ಆಕಿ ಹೋಗಿ ಕಬ್ಬಣದ ಖುರ್ಚಿ ಹಿಡದು ನೋಡಿದ್ಳು. "ಅಯ್ಯ ನಮ್ಮವ್ವಾ, ಖುರ್ಚಿ ನಡಗಾಕತ್ತೇತಲ್ಲಬೇ!" ಅಂತ ಬಾಜೂಕಿನಾಕಿನ್ನೂ ಎಬಿಸಿದ್ಳು. ಆವತ್ತ ಊಟ ಆಗೂತನಕಾ ಕಾಕಾ ಭಾಳ ಖುಷ್ಯಾಗಿದ್ರು.

ನನಗ ಅವರ ಗುರ್ತಾಗಿದ್ದು ಮನೋಳಿ ಊರಾಗ, ಒಂದು ಕಾರ್ಯಕ್ರಮದಾಗ. ನನಗ ಆವಾಗ ಇಪ್ಪತ್ತೆರಡು. ಮೈಕ್ ಸೆಟ್ಟಿನ ಕೆಲಸದಾಗ ಒಂದು ಚಾಳಿ ಇರತೈತ್ರಿ. ಸ್ಟೇಜ್ ಮ್ಯಾಲಿನವರು "ಹೆಂಗೈತಿ?" ಅಂತ ಕೇಳಿದ್ರ ನಾವು ತಲಿ ಸೈತ ಎತ್ತದಂಗ "ಬರೋಬ್ಬರಿ ಐತ್ರಿ" ಅಂತೇವಿ. ಕೇಳಿ ಹೇಳಬೇಕಂತ ಏನಿಲ್ಲ. ಹಂಗಂದ್ರ ಕೇಳಿದವರಿಗೂ ಸಮಾಧಾನ, ನಮ್ಮ ಕೆಲಸಾನೂ ಜಲ್ದಿ. ಆವತ್ತ ಕಾಕಾ ಗಿಟಾರ್ ಕೊಳ್ಳಾಗ ಹಾಕ್ಕೊಂಡು, ಬಟ್ಟು ಆಡಿಸಿ, "ಹೆಂಗೈತೋ ತಮ್ಮಾ?" ಅಂದ್ರು.

"ಬರೋಬ್ಬರಿ ಐತ್ರಿ ಕಾಕಾ."

"ಸ್ವಲ್ಪ ಏರಸ್ತಿಯೇನು?"

ನಾ ಒಂದು ಗುಂಡಿ ಹಿಡದು ಹೊಳ್ಳಿಸಿದಂಗ ಮಾಡಿದೆ. "ಈಗ ಬರೋಬ್ಬರಿ ಆತ್ರಿ."

ಕಾಕಾ ಗಿಟಾರಿನ ವೈರ್ ಎತ್ತಿ ತೋರಸಿದ್ರು. ಅದರ ಪಿನ್ನು ಅವರ ಕೈಯಾಗ ಜೋತಾಡಾಕತ್ತಿತ್ತು. "ನಾ ಇನ್ನಾ ಚುಚ್ಚೇ ಇಲ್ಲಲ್ಲೋ ಮಾರಾಯಾ. ಏನ್ ಬರೋಬ್ಬರಿ ಐತಿ ನಿಂದು?"

ಸ್ಟೇಜ್ ಮ್ಯಾಲಿನವರೆಲ್ಲಾ ನಕ್ಕ ನಕ್ಕ ಸಾಕಾದ್ರು. ಊಟಕ್ಕ ಕುಂತಾಗ ಕಾಕಾ ನನ್ನ ಬಾಜೂಕ ಬಂದು ಕುಂತ್ರು. "ಸಿಟ್ಟಾಗಬ್ಯಾಡ. ನಾವು ಸ್ಟೇಜ್ ಮ್ಯಾಲೆ ಕುರುಡರು ಇದ್ದಂಗ. ಹೊರಗ ಹೆಂಗ ಕೇಳಸ್ತೈತಿ ಅನ್ನೂದು ನಿನಗೊಬ್ಬಗ ಗೊತ್ತು. ನೀ ಸುಳ್ಳ ಹೇಳಿದ್ರ ನಾವು ಯಾರನ್ನ ಕೇಳೂನು?" ಅಂದ್ರು. ಇದನ್ನ ನಾ ಮರೀಲಿಲ್ಲ. ಮರೀಲಿಲ್ಲ ಅಂತ ತಿಳಕೊಂಡಿದ್ದೆ.

ನನಗ ಓದಾಕ ಬರೂದಿಲ್ಲ ಅಂತ ಮೊದಲ ಹಿಡದವರೂ ಅವರ. ಮಿಕ್ಸರಿನ ಗುಂಡಿಗೆ ನಾ ಬಣ್ಣದ ಟೇಪ್ ಹಚ್ಚಿದ್ದೆ. ಕೆಂಪದು ಹಾಡೋರದು, ಹಸರದು ಡ್ರಮ್ಮಿಂದು, ಹಿಂಗ. ಒಮ್ಮಿ ರಾಮದುರ್ಗದಾಗ ಬಿಸಲಿಗೆ ಟೇಪೆಲ್ಲಾ ಉಚ್ಚಿ ಬಿದ್ದವು. ನಾ ಗಾಬರಿಯಾಗಿ ನಿಂತೆ. ಕಾಕಾ ನೋಡಿದ್ರು. ಮರುದಿವಸ ಒಂದು ಪಾಟಿ, ಒಂದು ಅಂಕಲಿಪಿ ತಂದು ಅಂಗಡ್ಯಾಗ ಇಟ್ಟಿದ್ರು. ಗಿರಾಕಿಗೊಳ ಮುಂದ ನಾ ಅ ಆ ತಿದ್ದಬೇಕು. ನಾಚಿಕಿ ಬಂದು, "ಮಂದಿ ನಗತಾರ್ರಿ" ಅಂದೆ. "ನಗಲಿ ಬಿಡು. ಮೋಟರ್ ರಿಪೇರಿ ಆಗೂತನಕಾ ಅವರಿಗೂ ಏನರ ಕೆಲಸ ಬೇಕಲ್ಲ," ಅಂದ್ರು. ಹತ್ತನೇತ್ತಿ ಪಾಸಾದ ದಿನ ಪೇಢೆ ಹಂಚಿದವರು ನಾ ಅಲ್ಲ, ಅವರು. ಆಮ್ಯಾಲೆ ಕಂಪ್ಯೂಟರಿನ್ಯಾಗ ಕನ್ನಡ ಒತ್ತೂದು ಕಲಿ ಅಂತ ಹಿಂದ ಬಿದ್ರು. ಅದನ್ನೂ ಕಲತೆ. ಕಲತಮ್ಯಾಲೆ ನನಗ ಒಂದು ಹುಚ್ಚ ಹಿಡೀತು. ಕಂಡಿದ್ದಕ್ಕೆಲ್ಲಾ ಕನ್ನಡದಾಗ ಹೆಸರ ಹಚ್ಚತಿದ್ದೆ. ಪೆಟಿಗಿಗೆ, ವೈರಿಗೆ, ಕಂಪ್ಯೂಟರಿನ ಫೈಲಿಗೆ, ಎಲ್ಲಾದಕ್ಕೂ.

ಕಾಕಾರ ಅಪ್ಪ ಹಲಗಿ ಬಾರಸ್ತಿದ್ರಂತ. ಬೌದ್ಧರಾದಮ್ಯಾಲೆ ಅದನ್ನ ಇಳಿಸಿಟ್ರು, ಮಕ್ಕಳಿಗೂ ಮುಟ್ಟಿಸಲಿಲ್ಲ. ದೇಗಾಂವದಾಗ ಒಂದು ಕಾರ್ಯಕ್ರಮಕ್ಕ ಹೋದಾಗ ಒಬ್ಬ ಹಿರಿಯಾ, "ಏ, ನೀ ಹಲಗಿಯಂವನ ಮಗಾ ಅಲ್ಲ? ನಿಮ್ಮಪ್ಪ ಭಾರಿ ಬಾರಸ್ತಿದ್ದ. ನೀನೂ ಒಂದಿಷ್ಟ ಬಾರಿಸಲ್ಲ," ಅಂದ. ಕಾಕಾ, "ಅದು ನಮ್ಮಪ್ಪನ ಜೋಡಿ ಮುಗೀತ್ರಿ. ಇದನ್ನ ಕೇಳ್ರಿ," ಅಂತ ಹೆಬ್ಬಟ್ಟಿಲೆ ತಂತಿ ಹೊಡದ್ರು. ತಂತಿ ಹೋಗಿ ಕಟಗಿಗೆ ಬಡದು ಟಪ್ ಟಪ್ ಅಂತ ಸಿಡೀತು. ಆ ಹಿರಿಯಾ ಸುಮ್ನ ನಿಂತ ಕೇಳಿ, "ಇದೂ ಚೊಲೋ ಐತಿ ಬಿಡು," ಅಂತ ಹ್ವಾದ.

ಗಿಟಾರ್ ಅವರು ಕಲತದ್ದು ಗೋವಾದಾಗ. ವಯಸ್ಸಿನ್ಯಾಗ ಒಂದು ಹೊಟೆಲ್‌ದಾಗ ವಾಯರಿಂಗ್ ಮಾಡಾಕ ಹೋಗಿದ್ರಂತ. ಅಲ್ಲೆ ಬಾರಿಸೋ ಮುದುಕನೊಬ್ಬನ ಗಿಟಾರ್ ಕೆಟ್ಟಿತ್ತು. ಅದರ ಹೊಟ್ಟ್ಯಾಗಿನ ಕಾಯಿಲ್ ಕಾಕಾ ಕೂದಲಿನಂಥಾ ತಂತಿಲೆ ಸುತ್ತಿ ಕೊಟ್ರು. ಮುದುಕ ಅದರ ಬದಲಿ ಬಾರಿಸೂದ ಕಲಿಸಿದ. ಬರುಮುಂದ ಒಂದು ಚೀಲ ಕ್ಯಾಸೆಟ್ ಕೊಟ್ಟು ಕಳಿಸಿದ. ಅದರಾಗಿನ ಸಂಗೀತಕ್ಕ ಜಾಜ್ ಫ್ಯೂಜನ್ ಅಂತಾರಂತ.

"ಫ್ಯೂಜ್ ಗೊತ್ತೈತ್ರಿ, ಇದೇನ್ರಿ ಫ್ಯೂಜನ್?" ಅಂತ ಕೇಳಿದ್ದೆ.

"ಫ್ಯೂಜ್ ಹೋದ್ರ ಲೈಟ್ ಹೋಗತಾವ, ಫ್ಯೂಜನ್ ಆದ್ರ ಲೈಟ್ ಬರತಾವ," ಅಂದು ನಕ್ರು. ಆಮ್ಯಾಲೆ ತಿಳಿಸಿ ಹೇಳಿದ್ರು. "ರಾಮದುರ್ಗಕ್ಕ ಹೋಗೂದೈತಿ ಅನ್ನು. ಎಲ್ಲಾರೂ ಡಾಂಬರ್ ರಸ್ತಾ ಹಿಡೀತಾರ. ಜಾಜಿನಂವ ಹೊಲದಾಗ ಇಳೀತಾನ, ಹಳ್ಳ ದಾಟತಾನ, ಯಾರದೋ ಮನ್ಯಾಗ ನೀರ ಕುಡೀತಾನ. ಕಡೀಕ ರಾಮದುರ್ಗಕ್ಕ ಮುಟ್ಟತಾನ. ಅಂವಗ ಕರೆಂಟಿನ ಗಾಡಿ ಕೊಟ್ಟಿ ಅಂದ್ರ ಅದು ಫ್ಯೂಜನ್."

ಆರ್ಕೆಸ್ಟ್ರಾ ಕರೆಯೋರು ಕಮ್ಮಿ ಆದ್ರು. ಈಗ ಟ್ರ್ಯಾಕ್ ಹಚ್ಚಿ ಹಾಡತಾರ, ನಾಕ್ ಮಂದಿ ಕೆಲಸ ಒಂದು ಪೆನ್‌ಡ್ರೈವ್ ಮಾಡತೈತಿ. ಕಾಕಾರ ಗಿಟಾರ್ ಅಂಗಡಿ ಮೂಲ್ಯಾಗ ನಿಂತಿತ್ತು. ನಮಗೆಲ್ಲಾ ಸಾಕ ಸಾಕಾಗಿತ್ತು. ಅವರಿಗೆ ಮಾತ್ರ ಐವತ್ತೆಂಟನೇ ವರ್ಷದಾಗ ಹುರುಪು ಬಂತು. ಒಂದಿನ ನಮ್ಮನ್ನ ಕರದು, "ಇಷ್ಟ ವರ್ಷ ಮಂದಿ ಹಾಡಿಗೆ ಬಾರಿಸಿದ್ವಿ. ಈಗ ನಮ್ಮವ ಒಂದ ಏಳ ಹಾಡ ಬಾರಸೂನು. ಹಾಡೂದ ಬ್ಯಾಡ, ಬರೇ ಬಾರಸೂದು. ಹೆಸರೂ ಇಟ್ಟೇನಿ, ತ್ರೀ ಫೇಸ್," ಅಂದ್ರು.

ಹೊಲ ಇದ್ದವರಿಗೆ ಈ ಹೆಸರ ಬಿಡಿಸಿ ಹೇಳೂದು ಬ್ಯಾಡ. ಸಿಂಗಲ್ ಫೇಸ್ ಇದ್ರ ಬಲ್ಬ್ ಅಷ್ಟ ಹತ್ತತಾವ. ತ್ರೀ ಫೇಸ್ ಬಂತಂದ್ರ ಇಡೀ ಸೀಮ್ಯಾಗಿನ ಪಂಪ್‌ಸೆಟ್ ಒಮ್ಮೆಲೆ ಗುಂಯ್ ಅಂತಾವ, ಮಂದಿ ಕೈಯಾಗಿನ ರೊಟ್ಟಿ ಬಿಟ್ಟು ಹೊಲಕ್ಕ ಓಡತಾರ. ಅದನ್ನ ಅವರು ಬಾರಿಸಬೇಕಂತ.

ರೆಕಾರ್ಡಿಂಗ್ ಮಾಡಿದ್ದು ಹತ್ತಿ ಜಿನ್ನಿನ ಗೋದಾಮಿನ್ಯಾಗ. ಸುಗ್ಗಿ ಮುಗದು ಮಷೀನ್ ನಿಂತಿದ್ದವು, ಅರಳಿ ಅಂಡಗಿ ಇನ್ನಾ ಹೋಗಿರಲಿಲ್ಲ. ಅರಳಿ ಅಂದ್ರ ಬೀಜ ತಗದ ಹತ್ತಿ, ಅಂಡಗಿ ಅಂದ್ರ ಅದನ್ನ ಒತ್ತಿ ಕಟ್ಟಿದ ಗಂಟು, ಒಂದೊಂದು ಕಪಾಟಿನಷ್ಟ ಇರತೈತಿ. ಅವನ್ನ ಸುತ್ತ ಗ್ವಾಡಿ ಹಂಗ ನಿಲ್ಲಿಸಿದ್ರ ಒಳಗ ಗದ್ದಲ ಎಲ್ಲಾ ನುಂಗತೈತಿ. ಜಿನ್ನಿನ ಮೋಟರ್ ರಿಪೇರಿ ಕಾಕಾರದ, ಅದಕ್ಕ ಸಾವಕಾರ್ರು ಕೀಲಿಕೈ ಕೊಟ್ಟು, "ಬೀಡಿ ಸೇದಬ್ಯಾಡ್ರಿ, ಉಳದದ್ದೇನರ ಮಾಡಿಕೋರಿ" ಅಂದ್ರು.

ನಾಕ್ ಮಂದಿ ಬಾರಿಸೋರು. ಕಾಕಾ. ಸವದತ್ತಿ ಡ್ರಮ್ಮರ್. ರಾಮದುರ್ಗದ ಕೀಬೋರ್ಡಿನಂವ, ಮಗ್ಗ ರಿಪೇರಿ ಮಾಡತಾನ. ಕಿತ್ತೂರಿನ ಸ್ಯಾಕ್ಸೋಫೋನಿನಂವ, ಬ್ಯಾಂಡ್ ಕಂಪನ್ಯಾಗ ಇದ್ದಾಂವ. ಐದನೆಯಂವ ನಾ, ಲ್ಯಾಪ್‌ಟಾಪ್ ಮುಂದ. ಎಪ್ರಿಲ್ ಬಿಸಲು, ಮ್ಯಾಲೆ ತಗಡ, ಸುತ್ತ ಅರಳಿ. ಬೆವರಿನ ಮ್ಯಾಲೆ ಅರಳಿ ಎಳಿ ಹತ್ತಿ ಎಲ್ಲಾರೂ ಮುದುಕರಾಗಿ ಕಾಣತಿದ್ವಿ. ಮೊದಲನೇ ಹಾಡಿಗೆ ಕಾಕಾ ಒಂದ ತಂತಿ ಮೆಲ್ಲಕ ಗುಂಯ್ ಅನಿಸಿದ್ರು. ಹಂಗ ಅನಿಸ್ತಾ ಅನಿಸ್ತಾ ತಲಿ ಎತ್ತಿ ಒಮ್ಮಿ ನೋಡಿದ್ರು ನೋಡ್ರಿ, ನಾಕೂ ಮಂದಿ ಒಮ್ಮೆಲೆ ಹಾಡಿನ್ಯಾಗ ಹಾರಿ ಬಿದ್ರು. ಅಷ್ಟು ಜೋರು, ಅಷ್ಟು ಜಲ್ದಿ. ಕಾಕಾರ ಹೆಬ್ಬಟ್ಟು ಕಣ್ಣಿಗೆ ಕಾಣವಲ್ತಾಗಿತ್ತು. ಹಾಡು ಮುಗದಮ್ಯಾಲೆ ಕಿತ್ತೂರಂವ ಅಂಡಗಿ ಮ್ಯಾಲೆ ಅಂಗಾತ ಬಿದ್ದು, "ಕಾಕಾ, ನಿಮಗ ವಯಸ್ಸಾಗೇತಿ ಅಂತ ಯಾರ ಹೇಳಿದ್ರಿ? ನಮಗ ಆಗೇತಿ," ಅಂದ.

ಏಳೂ ಹಾಡು ಆದವು. ಇನ್ನ ಉಳದದ್ದು ಮಿಕ್ಸಿಂಗ್. ಅಂದ್ರ ಯಾವುದು ಎಷ್ಟು ಕೇಳಸಬೇಕು ಅಂತ ಹೊಂದಿಸೂದು. ಅದಕ್ಕ ಕಾಕಾ, ನಾ, ಇಬ್ಬರ ಅಂಗಡ್ಯಾಗ ಕುಂತ್ವಿ.

ಡ್ರಮ್ ಸೆಟ್ಟಿನ ಮ್ಯಾಲೆ ಹಿತ್ತಾಳಿ ತಾಟ ಇರತಾವಲ್ಲ, ಅವಕ್ಕ ನಾವು ಝಾಂಜ್ ಅಂತೇವಿ. ಕಾಕಾ, "ಝಾಂಜ್ ಏರಸು," ಅಂದ್ರು. ಏರಿಸಿದೆ. "ಇನ್ನೊಂದಿಷ್ಟ." ಏರಿಸಿದೆ. "ಎಲ್ಲೇತೋ? ಬರವಲ್ತು. ಏರಸೋ." ನನ್ನ ಹಲ್ಲ ಜುಮ್ ಅನ್ನಾಕ ಹತ್ತಿದವು. ಹೊರಗ ಮಲಗಿದ್ದ ನಾಯಿ ಎದ್ದು ಹೋತು. ಕಾಕಾರ ಮಾರಿ ನೋಡಿದೆ. ತೆಲಿ ಬಗ್ಗಿಸಿ, ಕಣ್ಣ ಮುಚ್ಚಿ, ಯಾವುದೋ ಸಣ್ಣ ವಸ್ತು ಹುಡಕಿದಂಗ ಕೇಳಾಕತ್ತಿದ್ರು. ಆವಾಗ ನನಗ ಒಂದೊಂದ ನೆನಪಾತು. ಕುಕ್ಕರ್ ಸೀಟಿ ಹೊಡದ್ರ ಏಳತಿರಲಿಲ್ಲ. ಫೋನ್ ಬಡಕೊಂಡ್ರ ಕಾಕು ಒಳಗಿಂದ ಓಡಿ ಬರಬೇಕು. "ನನ್ನ ಮಾತ ಒಂದೂ ಕಿವಿಗೆ ಹಾಕ್ಕೊಳ್ಳೂದಿಲ್ಲ ಈ ಮನಷ್ಯಾ," ಅಂತ ಕಾಕು ಜಗಳಾ ತಗೀತಿದ್ರು. ಮೂವತ್ತ ವರ್ಷ ಡ್ರಮ್ಮಿನ ಬಾಜೂಕ, ನನ್ನ ಸ್ಪೀಕರಿನ ಮುಂದ ನಿಂತ ಕಿವಿ. ಸಣ್ಣ ದನಿ ಎಲ್ಲಾ ಹೋಗಿ, ದಪ್ಪ ದನಿ ಅಷ್ಟ ಉಳದಿತ್ತು.

"ಹಾಂ, ಈಗ ಬಂತು," ಅಂದ್ರು ಕಾಕಾ. "ಹೆಂಗೈತಿ ಹೇಳು."

ಹೇಳಬೇಕಿತ್ತು. ಆ ಮಾರಿಯಾಗಿನ ಖುಷಿ ನೋಡಿ ಆಗಲಿಲ್ಲ.

"ಬರೋಬ್ಬರಿ ಐತ್ರಿ ಕಾಕಾ," ಅಂದೆ.

ಏಳೂ ಹಾಡಿಗೆ ಹಂಗ ಅಂದೆ.

ಡ್ರಮ್ಮರಿಗೆ ಕೇಳಿಸಿದೆ. ಅಂವ ಕಿವಿ ಮುಚ್ಕೊಂಡ. "ಇದನ್ನ ಯಾರರ ಕೇಳತಾರೇನೋ? ಹಿಂಗ ಮಾಡು. ಕಾಕಾಗ ಒಂದ ಮಾಡು, ಮಂದಿಗಿ ಒಂದ ಮಾಡು. ಅವರಿಗೇನ್ ಗೊತ್ತಾಗತೈತಿ?" ಅಂದ. ನನಗೂ ಅದು ಚೊಲೋ ಅನಿಸ್ತು. ಯಾರಿಗೂ ಕೆಟ್ಟ ಆಗೂದಿಲ್ಲಲ್ಲ. ಝಾಂಜ್ ಇಳಿಸಿ ಇನ್ನೊಂದ ಮಾಡಿದೆ. ಲ್ಯಾಪ್‌ಟಾಪಿನ್ಯಾಗ ಎರಡು ಫೋಲ್ಡರ್ ಮಾಡಿ, ಕನ್ನಡದಾಗ ಶುದ್ಧ ಹೆಸರ ಹಚ್ಚಿದೆ. ಒಂದಕ್ಕ "ಕಾಕಾಗ". ಇನ್ನೊಂದಕ್ಕ "ಮಂದಿಗಿ".

ಬಿಡುಗಡೆ ಕಾರ್ಯಕ್ರಮ ಸವದತ್ತ್ಯಾಗ ಒಂದು ಸಣ್ಣ ಹಾಲಿನ್ಯಾಗ ಇಟ್ಟಿದ್ವಿ. ಒಂದು ನಲವತ್ತ ಮಂದಿ ಬಂದಿದ್ರು. ಜಿನ್ನಿನ ಸಾವಕಾರ್ರು, ಕೆಲವು ಮೋಟರ್ ಗಿರಾಕಿಗೋಳು, ಕಾಕು ಹೊಸಾ ಸೀರಿ ಉಟ್ಟು. ಕಾಕಾ ಮುಂದಿನ ಸಾಲಿನ್ಯಾಗ, ಇಸ್ತ್ರಿ ಅಂಗಿ, ತೊಡಿ ಮ್ಯಾಲೆ ಹೆಬ್ಬಟ್ಟಿಲೆ ತಾಳ. ನಾ ಹಿಂದ ಕುಂತು "ಮಂದಿಗಿ" ಹಚ್ಚಿದೆ.

ಎರಡು ಹಾಡು ಚೊಲೋ ಆದವು. ಮೂರನೇದರಾಗ ಒಂದು ಜಾಗಾ ಐತಿ. ಎಲ್ಲಾರೂ ಗಪ್ ಆಗತಾರ. ಬರೇ ಝಾಂಜ್ ಎಂಟ ಪೆಟ್ಟ ಬೀಳತಾವ, ಆಮ್ಯಾಲೆ ಎಲ್ಲಾರೂ ಹಾರತಾರ. ನನಗ ಅದರ ನೆನಪ ಆಗಿದ್ದು ಆ ಜಾಗಾ ಬಂದಮ್ಯಾಲೆ. ಹಾಲಿನ್ಯಾಗ ಝಾಂಜ್ ತಣ್ಣಗ, ಹಿತಾಗಿ ಕೇಳಸಾಕತ್ತಿತ್ತು. ಕಾಕಾರ ಕೈ ತೊಡಿ ಮ್ಯಾಲೆ ನಿಂತಿತ್ತು. ಅವರಿಗೆ ಅಲ್ಲೆ ಏನೂ ಇರಲಿಲ್ಲ. ಎಂಟ ಪೆಟ್ಟಿನಷ್ಟ ಹೊತ್ತು, ಬರೇ ಖಾಲಿ. ಕಾಕಾ ಮೆಲ್ಲಕ ಹೊಳ್ಳಿ ನನ್ನನ್ನ ನೋಡಿದ್ರು. ಆಮ್ಯಾಲೆ ಎಡಕ ಬಲಕ ಕುಂತವರ ಮಾರಿ ನೋಡಿದ್ರು. ಅವರೆಲ್ಲಾ ಆ ಎಂಟ ಪೆಟ್ಟಿಗೆ ತೆಲಿ ಆಡಸಾಕತ್ತಿದ್ರು.

ಮುಗದಮ್ಯಾಲೆ ಭಾಳ ಚಪ್ಪಾಳಿ ಆತು. ಮಂದಿ ಉಪ್ಪಿಟ್ಟಿಗೆ ಎದ್ರು. ಕಾಕಾ ಸೀದಾ ನನ್ನ ಟೇಬಲ್ಲಿಗೆ ಬಂದ್ರು. ಕಿಸೇದಿಂದ ಚಾಳೀಸ ತಗದು ಕಣ್ಣಿಗೆ ಹಾಕ್ಕೊಂಡು ಲ್ಯಾಪ್‌ಟಾಪ್ ನೋಡಿದ್ರು. ನಾ ಮುಚ್ಚಬೇಕು ಅನ್ನೂದರಾಗ ಓದಿದ್ರು. ದೊಡ್ಡ ಅಕ್ಷರ ಇಟ್ಟಿದ್ದೆ.

"ಕಾಕಾಗ. ಮಂದಿಗಿ," ಅಂತ ಓದಿದ್ರು. "ತಪ್ಪಿಲ್ಲದಂಗ ಬರದಿ."

"ಕಾಕಾ, ನಿಮಗ ಬ್ಯಾಸರ ಆಗಬಾರದಂತ..."

"ಲೇ ತಮ್ಮಾ," ಅಂದ್ರು, ಮೆತ್ತಗ, ಯಾರಿಗೂ ಕೇಳದಂಗ. "ನಮ್ಮಪ್ಪಗ ಚಾದಂಗಡ್ಯಾಗ ಬ್ಯಾರೆ ಬಟ್ಟಲಾ ಇಟ್ಟಿರತಿದ್ರು. ಅಂಗಡಿಯಂವ ಒಳ್ಳೇವನ ಇದ್ದ, ಸಕ್ರಿ ಜಾಸ್ತಿ ಹಾಕತಿದ್ದ. ಬಟ್ಟಲಾ ಮಾತ್ರ ಮಂದಿಗೊಂದು, ಅವಗೊಂದು."

ಕಾಕುನ್ನ ಕರಕೊಂಡು ಬಸ್‌ಸ್ಟ್ಯಾಂಡಿಗೆ ನಡಕೋತ ಹ್ವಾದ್ರು. ಉಪ್ಪಿಟ್ಟ ತಿನಲಿಲ್ಲ. ನಾವು ಗಾಡಿ ಮ್ಯಾಲೆ ಬಿಡತೇವಿ ಅಂದ್ರೂ ಬ್ಯಾಡಂದ್ರು.

ನಾ ಲಿಂಗಾಯತರಂವ. ನಮ್ಮ ಮನ್ಯಾಗ ಅಂಥಾ ಬಟ್ಟಲಾ ಇತ್ತೋ ಇಲ್ಲೋ ನನಗ ನೆನಪಿಲ್ಲ. ನೆನಪಿಲ್ಲಂತ ಹೇಳೂದೂ ಸಸಾರಲ್ಲ. ಕೆಟ್ಟದ್ದ ಮಾಡಬೇಕಂತ ನಾ ಮಾಡಿರಲಿಲ್ಲ. ಅದನ್ನ ಮನಸಿನ್ಯಾಗ ನೂರ ಸಲ ಹೇಳಿಕೊಂಡೆ, ಯಾರೂ ಕೇಳಾಕತ್ತಿರಲಿಲ್ಲ.

ಎರಡ ತಿಂಗಳ ಅಂಗಡಿ ಕಡೆ ಹೋಗಲಿಲ್ಲ. ಒಂದಿನ ಮಧ್ಯಾಹ್ನ ಹ್ವಾದೆ. ಅಂಗಡಿ ಬಾಗಲಿಗೆ ಒಂದು ರಟ್ಟಿನ ಬೋರ್ಡ್ ನೇತ ಬಿದ್ದಿತ್ತು. "ಮಾಲಕರಿಗೆ ಕಿವಿ ಕಮ್ಮಿ. ಒದರಬ್ಯಾಡ್ರಿ. ಎದುರಿಗೆ ನಿಂತು ಮಾತಾಡ್ರಿ." ಅವರ ಕೈಬರಹ. ನಾ ಎದುರಿಗೆ ಹೋಗಿ ನಿಂತೆ. ಕಾಕಾ ಮೋಟರಿಗೆ ತಂತಿ ತುಂಬಾಕತ್ತಿದ್ರು, ತೆಲಿ ಎತ್ತಲಿಲ್ಲ.

"ಕುಂದ್ರು," ಅಂದ್ರು ಕಡೀಕ.

ಕುಂತೆ. ಇನ್ನೊಂದಿಷ್ಟ ಹೊತ್ತ ತಂತಿ ತುಂಬಿದ್ರು.

"ಝಾಂಜ್ ಖರೇನ ಅಷ್ಟು ಕೆಟ್ಟಿದ್ದವೇನು?"

"ಹೌದ್ರಿ."

"ಎಷ್ಟು?"

"ಹಲ್ಲ ಜುಮ್ ಅಂತಾವ್ರಿ. ನಾಯಿ ಎದ್ದ ಹೋತ್ರಿ."

ಕಾಕಾ ನಕ್ಕುಬಿಟ್ರು. "ಆವತ್ತ ಹೇಳಿದ್ರ ಏನಾಗತಿತ್ತೋ?"

"ನಿಮಗ ಕೆಟ್ಟ ಅನಸ್ತಿತ್ತ್ರಿ."

"ಅನಸ್ತಿತ್ತು. ಒಂದ ದಿನ ಊಟ ಬಿಡತಿದ್ದೆ. ಅದು ನಂದು, ನನಗ ಬಿಡಬೇಕಿತ್ತು," ಅಂದ್ರು. "ನೀ ಅದನ್ನೂ ಇಳಿಸಿ ಕೊಟ್ಟಿ." ಆಮ್ಯಾಲೆ ಕೈ ಒರಿಸಿಕೊಂಡು, "ಲ್ಯಾಪ್‌ಟಾಪ್ ತಂದೀಯೇನು? ಎರಡ ಬ್ಯಾಡ. ಒಂದ ಇರಬೇಕು. ನನಗೂ ಅದ, ಮಂದಿಗೂ ಅದ. ತಗೀ," ಅಂದ್ರು.

ಮೊದಲಿಂದ ಹಿಡದ್ವಿ. ಸ್ಪೀಕರಿನ ಮ್ಯಾಲೆ ಎಡಗೈ ಇಟ್ಟು ಬೇಸ್ ನೋಡತಿದ್ರು. ಝಾಂಜಿಗೆ ನನ್ನ ಮಾರಿ ನೋಡತಿದ್ರು. "ನಿನ್ನ ಹುಬ್ಬ ಗಂಟಾತು, ಜಾಸ್ತಿ ಆಗೇತಿ. ಇಳಸು." ಇಳಿಸಿದ್ರ, "ಏ, ಈಗ ನಿದ್ದಿ ಬಂದವರಂಗ ಕುಂತಿ. ಒಂಚೂರು ಏರಸು. ಈ ಹಾಡಿಗೆ ಸಿಟ್ಟ ಬೇಕು." ನಾನೂ ಜಗಳ ಮಾಡತಿದ್ದೆ. "ಇಲ್ರಿ ಕಾಕಾ, ಇಲ್ಲೆ ಸ್ಯಾಕ್ಸೋಫೋನ್ ಮುಚ್ಚಿ ಹೋಗತೈತ್ರಿ." "ಹೋಗತೈತೇನು?" "ಹೋಗತೈತ್ರಿ." "ಹಂಗಾರ ಇಳಸು." ಕಾಕು ಚಾ ತಂದು ಇಟ್ಟು, "ಗಂಡಾ ಹೇಣತಿ ಸೈತ ಹಿಂಗ ಕಚ್ಯಾಡೂದಿಲ್ಲ," ಅಂತಿದ್ರು.

ಒಂದು ಹಾಡಿಗೆ ಹತ್ತ ಹದಿನೈದ ದಿನ ಹಿಡೀತು. ನನಗ ಮದುವಿ ಸೀಜನ್, ಅವರಿಗೆ ಮೋಟರ್ ಸೀಜನ್. ಇಬ್ಬರೂ ದಣದ ಕುಂದರತಿದ್ವಿ. ಆದ್ರೂ ಎರಡು ಹಾಡು ಮುಗದವು. ಅಂಥಾ ಕೆಲಸ ನಾ ಜೀವನದಾಗ ಮಾಡಿಲ್ಲ. ಮೂರನೇದಕ್ಕ ಸೋಮಾರ ಕುಂದರೂದಿತ್ತು. ಶನಿವಾರ ಮುಂಜಾನಿ ಕಾಕಾ ಅಂಗಡಿ ಕೀಲಿ ತಗಿಯೂಮುಂದ ಎದಿ ಹಿಡಕೊಂಡು ಕುಂತವರು ಏಳಲಿಲ್ಲ.

ಕಾರ್ಯ ಎಲ್ಲಾ ಮುಗದಮ್ಯಾಲೆ ನಾ ಕಾಕುನ ಕಡೆ ಹ್ವಾದೆ. ಗ್ವಾಡಿ ಮ್ಯಾಲೆ ಬುದ್ಧನ ಫೋಟೋ, ಅದರ ಕೆಳಗ ಕಾಕಾರದು. "ಐದ ಹಾಡ ಉಳದಾವ್ರಿ. ನಾ 'ಮಂದಿಗಿ' ಮಾಡಿದ್ದು ಚೊಲೋ ಐತ್ರಿ, ಅದನ್ನ ಸ್ವಲ್ಪ ಸುಧಾರಿಸಿ ಮುಗಿಸಿಬಿಡ್ಲೇನ್ರಿ?" ಅಂತ ಕೇಳಿದೆ.

ಕಾಕು ಅಕ್ಕಿ ಹಸನ ಮಾಡಾಕತ್ತಿದ್ರು. ಒಂದು ಹಳ್ಳ ಆರಿಸಿ ಹೊರಗ ಒಗದ್ರು.

"ನನಗ ಅದೆಲ್ಲಾ ತಿಳಿಯೂದಿಲ್ಲೋ ಯಪ್ಪಾ," ಅಂದ್ರು. "ಆದ್ರ ನೀ ಇಳಸು ಅಂದ್ರ ಅವರು ಬ್ಯಾಡ ಅಂತಿದ್ರು. ಅವರು ಏರಸು ಅಂದ್ರ ನೀ ಬ್ಯಾಡ ಅಂತಿದ್ದಿ. ಈಗ ನೀ ಒಬ್ಬನ ಕುಂತು ಯಾರ ಜೋಡಿ ಜಗಳ ಮಾಡತಿ?"

ಮನಿಗೆ ಬಂದು "ಮಂದಿಗಿ" ಅಳಿಸಿದೆ. ಪೂರಾ. ಅದು ನಂದಿತ್ತು, ಅವರದಲ್ಲ. ಇಬ್ಬರೂ ಕೂಡಿ ಮಾಡಿದ ಎರಡು, ಅವರು ಏರಸು ಏರಸು ಅಂತ ಮಾಡಿಸಿದ ಐದು, ಏಳೂ ಸೇರಿಸಿ "ತ್ರೀ ಫೇಸ್" ಅಂತ ನೆಟ್ಟಿಗೆ ಹಾಕಿದೆ. ಡ್ರಮ್ಮರ್ ಫೋನ್ ಮಾಡಿ ಬೈದ. "ಹುಚ್ಚ ಹಿಡದೈತೇನೋ ನಿನಗ? ನನ್ನ ಮರ್ಯಾದಿ ತಗದಿ." ಬೈಸಿಕೊಂಡೆ. ಎರಡು ದಿನ ಬಿಟ್ಟು ಅವನ ಮತ್ತ ಫೋನ್ ಮಾಡಿ, "ಇರಲಿ ಬಿಡು," ಅಂದ.

ಕೇಳಿದವರು ಬರೀತಾರ, ಅಲ್ಲೊಬ್ಬರು ಇಲ್ಲೊಬ್ಬರು. ಎಲ್ಲಿಯವರೋ ಏನೋ. ಬೇಸ್ ಬಾರಿಸಿದವರು ಯಾರು, ಇಂಥಾ ಹೆಬ್ಬಟ್ಟ ಕೇಳಿಲ್ಲ ಅಂತ ಬರೀತಾರ. ಮೊದಲ ಎರಡು ಹಾಡಿಗೆ ಹೊಗಳತಾರ. ಹ್ವಾದ ವಾರ ಒಬ್ಬಾಂವ ಬರದಿದ್ದ, "ಮೂರನೇ ಹಾಡಿನಿಂದ ಝಾಂಜ್ ತಲಿ ತಿನ್ನತೈತಿ. ಮಿಕ್ಸಿಂಗ್ ಮಾಡಿದಂವಗ ಕಿವಿ ಕೇಳಸೂದಿಲ್ಲೇನ?"

ಅದರ ಕೆಳಗ ಉತ್ತರ ಬರಿಯಾಕ ಕುಂತೆ. ಏನೇನೋ ಬರದೆ, ಅಳಿಸಿದೆ. ಚಾ ಆರಿ ಹೋತು. ಕಡೀಕ ಇಷ್ಟ ಬರದು ಬಿಟ್ಟೆ:

"ಮಾಡಿದಂವ ನಾನ್ರಿ. ಕಿವಿ ಚೊಲೋ ಅದಾವ್ರಿ. ಆವತ್ತ ಬಾಯಿ ಬರಲಿಲ್ಲ."